ಶಾಂಭವಿ ಸೇತುವೆ ಮೇಲೆ ಕೆಂಪಿಗೆ ಹೋದ ಮುಳ್ಳು

ಕಾಪುವಿನ ದೀಪಸ್ತಂಭ ನೋಡಬೇಕು ಅಂತ ನನಗೆ ಬಹಳ ದಿನದ ಆಸೆ. 1901ರಲ್ಲಿ ಕಟ್ಟಿದ್ದು, ಕಡಲ ಪಕ್ಕದ ಬಂಡೆ ಮೇಲೆ ಈಗಲೂ ನಿಂತಿದೆ. ಏಪ್ರಿಲ್‌ನಲ್ಲಿ ನಮ್ಮ ಚಿಕ್ಕಪ್ಪ ಹಾಸನದಿಂದ ಉಡುಪಿಗೆ ಮೆಕ್ಕೆಜೋಳದ ಲೋಡ್ ಹೊರಟಾಗ ನಾನೂ ಲಾರಿ ಹತ್ತಿದೆ. ಶಿರಾಡಿ ಘಾಟಿ ಇಳಿದಿದ್ದು, ಬಿ.ಸಿ. ರೋಡ್‌ನಲ್ಲಿ ಊಟ ಮಾಡಿದ್ದು, ಮಂಗಳೂರಿನ ನಂತೂರು ಸರ್ಕಲ್‌ನಲ್ಲಿ ಸಿಕ್ಕಿಕೊಂಡಿದ್ದು, ಇವೆಲ್ಲ ಹೇಳುವಂಥದ್ದೇನಲ್ಲ. ದೀಪಸ್ತಂಭವನ್ನೂ ಮರುದಿನ ನೋಡಿದೆ. ಚೆನ್ನಾಗಿದೆ. ಆದರೆ ನಾನು ಬರೆಯುತ್ತಿರುವುದು ಉಚ್ಚಿಲದ ಹತ್ತಿರದ ಒಂದು ಗ್ಯಾರೇಜ್ ಬಗ್ಗೆ.

ಸುರತ್ಕಲ್ ದಾಟುವಾಗಲೇ ಟೆಂಪರೇಚರ್ ಮುಳ್ಳು ಮೇಲೆ ಹೋಗುತ್ತಿತ್ತು. ಮೂಲ್ಕಿ ಬಿಟ್ಟು ಶಾಂಭವಿ ಹೊಳೆಯ ಸೇತುವೆಗೆ ಬಂದಾಗ ಕೆಂಪಿಗೆ ತಾಗಿತು. ಸೇತುವೆ ದಾಟಿ ಎಡಕ್ಕೆ ನಿಲ್ಲಿಸಿದೆವು. ಚಿಕ್ಕಪ್ಪ ಅವಸರದಲ್ಲಿ ಗೋಣಿಚೀಲ ಹಿಡಿದು ರೇಡಿಯೇಟರ್ ಕ್ಯಾಪ್ ತಿರುಗಿಸಿಬಿಟ್ಟರು. ಹಬೆ ಬುಸ್ ಅಂತ ಚಿಮ್ಮಿತು. ಅವರ ಮಣಿಕಟ್ಟಿನಿಂದ ಮೊಣಕೈವರೆಗೆ ಬೊಬ್ಬೆ ಬಂತು. ಇಪ್ಪತ್ತೆರಡು ವರ್ಷ ಸ್ಟೇರಿಂಗ್ ಹಿಡಿದ ಕೈ ಅದು. ನನಗೆ ಇವತ್ತಿಗೂ ಆ ಸದ್ದು ನೆನಪಾದರೆ ಹೊಟ್ಟೆ ಕಿವುಚುತ್ತದೆ. ಲಾರಿ ಇರಲಿ, ಕಾರಿರಲಿ, ಬಿಸಿ ಇಂಜಿನ್‌ನ ಕ್ಯಾಪ್ ಮುಟ್ಟಬೇಡಿ. ಕಡಿಮೆ ಅಂದರೂ ಅರ್ಧ ಗಂಟೆ ಕಾಯಿರಿ. ಮೇಲಿನ ದಪ್ಪ ರಬ್ಬರ್ ಪೈಪನ್ನು ಬಟ್ಟೆ ಹಿಡಿದು ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಒಳಗೆ ಇನ್ನೂ ಒತ್ತಡ ಇದೆ ಅಂತ ಅರ್ಥ.

ಹತ್ತಿರದ ಮನೆಯ ಅಜ್ಜಿಯೊಬ್ಬರು ಬಾವಿಯಿಂದ ನೀರು ಸೇದಿ ಕೊಟ್ಟರು. "ಇದು ಉಪ್ಪು ನೀರು ಮಗಾ, ಕುಡಿಯಲಿಕ್ಕೆ ಆಗುದಿಲ್ಲ" ಅಂದರು. ಸುಟ್ಟ ಕೈಗೆ ಮಾತ್ರ ಒಳಗಿನಿಂದ ಒಳ್ಳೆ ನೀರು ತಂದು ಹೊಯ್ದರು. ಇಂಜಿನ್ ಆರಿದ ಮೇಲೆ ಬೇರೆ ದಾರಿ ಇಲ್ಲದೆ ಆ ಬಾವಿ ನೀರನ್ನೇ ರೇಡಿಯೇಟರ್‌ಗೆ ಹಾಕಿದೆವು. ಅಷ್ಟರಲ್ಲಿ ಒಬ್ಬ ಮೆಕ್ಯಾನಿಕ್ ಬೈಕ್ ನಿಲ್ಲಿಸಿ, ಬಾನೆಟ್ ಕಡೆ ಒಮ್ಮೆ ನೋಡಿ, "ಹೆಡ್ ಗ್ಯಾಸ್ಕೆಟ್ ಹೋಗಿದೆ, ಹೆಡ್ ಇಳಿಸಬೇಕು" ಅಂದುಬಿಟ್ಟ. ಚಿಕ್ಕಪ್ಪನ ಮುಖ ಬಾಡಿಹೋಯಿತು. ಹೆಡ್ ಅಂದರೆ ಇಂಜಿನ್‌ನ ಮೇಲ್ಭಾಗ, ಗ್ಯಾಸ್ಕೆಟ್ ಅಂದರೆ ಅದು ಕೂಡುವ ಜಾಗದಲ್ಲಿ ನೀರು, ಗ್ಯಾಸ್ ಸೋರದಂತೆ ತಡೆಯುವ ತೆಳು ಹಾಳೆ. ಹೆಡ್ ಇಳಿಸುವುದು ಅಂದರೆ ಅವರಿಗೆ ಎರಡು ತಿಂಗಳ ದುಡಿಮೆ.

ನಿಧಾನಕ್ಕೆ, ಎರಡು ಸಲ ನಿಲ್ಲಿಸಿ, ಪಡುಬಿದ್ರಿ ದಾಟಿ ಉಚ್ಚಿಲದ ಹತ್ತಿರ ತೆಂಗಿನ ತೋಟದ ಪಕ್ಕದ ಗ್ಯಾರೇಜ್ ತಲುಪಿದೆವು. ಅರವತ್ತರ ಆಸುಪಾಸಿನ ಮೆಕ್ಯಾನಿಕ್. ಕೈಯಲ್ಲಿ ಸ್ಪ್ಯಾನರ್ ಇರಲಿಲ್ಲ. ಮೊದಲು ಚಿಕ್ಕಪ್ಪನ ಕೈ ನೋಡಿದರು, ಆಮೇಲೆ ಸ್ಟೂಲ್ ಎಳೆದು ಕೂರಿಸಿದರು.

"ಓಡುವಾಗ ಬಿಸಿ ಆಗುದಾ, ನಿಂತಾಗ ಆಗುದಾ?"

"ಓಡೋವಾಗಲೇ ಅಣ್ಣಾ. ಲೋಡ್ ಇದ್ದಾಗ ಜಾಸ್ತಿ."

"ಹಾಗಾದ್ರೆ ಫ್ಯಾನಿನ ಮೇಲೆ ನನಗೆ ಅಷ್ಟು ಸಂಶಯ ಇಲ್ಲ ಮಾರಾಯ್ರೆ. ಫ್ಯಾನ್ ಹಾಳಾದ್ರೆ ಟ್ರಾಫಿಕ್‌ನಲ್ಲಿ ನಿಂತಾಗ ಬಿಸಿ ಆಗ್ತದೆ. ಓಡುವಾಗ ಗಾಳಿ ಹೇಗೂ ಬರ್ತದಲ್ಲ. ನೀರು ದಿನಾ ಕಡಿಮೆ ಆಗ್ತದಾ?"

"ಸ್ವಲ್ಪ ಸ್ವಲ್ಪ."

"ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಮುಳ್ಳು ಮೇಲೆ ಬರ್ಲಿಕ್ಕೆ ತುಂಬಾ ಹೊತ್ತು ಬೇಕಾ?"

ಚಿಕ್ಕಪ್ಪ ತಲೆ ಎತ್ತಿದರು. "ಹೌದಣ್ಣಾ. ಸಕಲೇಶಪುರ ಬರೋವರೆಗೂ ಮುಳ್ಳು ಏಳಲ್ಲ. ಡೀಸೆಲ್ಲೂ ಜಾಸ್ತಿ ಕುಡೀತಿದೆ. ನಿಮಗೆ ಹೆಂಗೆ ಗೊತ್ತಾಯ್ತು?"

ಅವರು ಉತ್ತರ ಕೊಡಲಿಲ್ಲ, ಎದ್ದರು. ಡಿಪ್‌ಸ್ಟಿಕ್ ತೆಗೆದು ಬೆರಳಿಗೆ ಆಯಿಲ್ ಹಚ್ಚಿ ನನಗೂ ತೋರಿಸಿದರು. ಇಂಜಿನ್ ತಂಪು ಮಾಡುವ ಕೂಲಂಟ್ ಸೇರಿದ್ದರೆ ಆಯಿಲ್ ಮಜ್ಜಿಗೆ ಬಣ್ಣಕ್ಕೆ ತಿರುಗುತ್ತದಂತೆ. ಇದು ಕಪ್ಪಗೇ ಇತ್ತು. ಬೆಲ್ಟನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದರು. ಪೂರ್ತಿ ತಣ್ಣಗಾದ ಮೇಲೆ ಕ್ಯಾಪ್ ತೆಗೆದು ಇಂಜಿನ್ ಸ್ಟಾರ್ಟ್ ಮಾಡಿಸಿ, ರೇಡಿಯೇಟರ್ ಬಾಯಿಗೆ ಟಾರ್ಚ್ ಹಿಡಿದು ಬಹಳ ಹೊತ್ತು ನೋಡಿದರು. ಗ್ಯಾಸ್ಕೆಟ್ ಒಡೆದಿದ್ದರೆ ಸಿಲಿಂಡರ್‌ನ ಗ್ಯಾಸ್ ಇಲ್ಲಿ ಗುಳ್ಳೆ ಗುಳ್ಳೆಯಾಗಿ ಏಳುತ್ತದೆ. ಗುಳ್ಳೆ ಬರಲಿಲ್ಲ. ಸೈಲೆನ್ಸರ್‌ನಲ್ಲಿ ಬಿಳಿ ಹೊಗೆಯೂ ಇರಲಿಲ್ಲ.

"ಗ್ಯಾಸ್ಕೆಟ್ ಸರಿ ಉಂಟು" ಅಂದರು. ಚಿಕ್ಕಪ್ಪ ಕಣ್ಣು ಮುಚ್ಚಿ ಗೋಡೆಗೆ ಒರಗಿದರು.

ಆಮೇಲೆ ಇಂಜಿನ್ ಆಫ್ ಮಾಡಿಸಿ, ಮೇಲಿನ ಪೈಪ್ ಕೂಡುವ ಜಾಗದ ಎರಡು ಬೋಲ್ಟ್ ಬಿಚ್ಚಿದರು. ಒಳಗೆ ಖಾಲಿ. ಥರ್ಮೋಸ್ಟ್ಯಾಟೇ ಇಲ್ಲ! ಚಿಕ್ಕಪ್ಪನಿಗೆ ಆಗ ನೆನಪಾಯಿತು. ಹಿಂದಿನ ಬೇಸಿಗೆಯಲ್ಲಿ ಬೇರೆ ಊರಲ್ಲಿ ಯಾರೋ "ನಮ್ಮ ಸೆಕೆಗೆ ಇದೆಲ್ಲ ಬೇಡ, ತೆಗೆದರೆ ತಂಪಾಗಿರುತ್ತೆ" ಅಂತ ಕಿತ್ತು ಹಾಕಿದ್ದರು.

"ಎಲ್ಲರೂ ಹೀಗೇ ಮಾಡುದು" ಅಂತ ಮೆಕ್ಯಾನಿಕ್ ಬೇಜಾರಿನಲ್ಲಿ ಹೇಳಿದರು. "ಇದಕ್ಕೆ ಎರಡು ಕೆಲಸ ಉಂಟು. ತಣ್ಣಗಿದ್ದಾಗ ರೇಡಿಯೇಟರ್ ದಾರಿ ಮುಚ್ಚಿ, ನೀರನ್ನು ಬೈಪಾಸ್‌ನಲ್ಲಿ ಇಂಜಿನ್ ಒಳಗೇ ತಿರುಗಿಸ್ತದೆ. ಬಿಸಿ ಆದ್ಮೇಲೆ ರೇಡಿಯೇಟರ್ ದಾರಿ ತೆಗೆದು ಬೈಪಾಸ್ ಮುಚ್ಚುತ್ತದೆ. ಈ ಇಂಜಿನ್‌ನಲ್ಲಿ ಅದನ್ನು ಕಿತ್ತರೆ ಎರಡೂ ದಾರಿ ಯಾವಾಗಲೂ ತೆರೆದೇ ಇರ್ತದೆ. ಅರ್ಧ ನೀರು ರೇಡಿಯೇಟರ್‌ಗೆ ಹೋಗದೆ ಬಿಸಿಬಿಸಿಯಾಗಿ ವಾಪಸ್ ಇಂಜಿನ್‌ಗೇ ಬರ್ತದೆ. ಬೆಳಿಗ್ಗೆ ಬೇಗ ಬಿಸಿ ಆಗುದಿಲ್ಲ, ಮಧ್ಯಾಹ್ನ ಬಿಸಿ ಆದ್ರೆ ತಣ್ಣಗೆ ಆಗುದಿಲ್ಲ."

ಹುಡುಗನನ್ನು ಉಡುಪಿಗೆ ಕಳಿಸಿ ಹೊಸದನ್ನು ತರಿಸಿದರು. ತಂದದ್ದನ್ನು ಸೀದಾ ಕೂರಿಸಲಿಲ್ಲ. ಒಂದು ಅಲ್ಯೂಮಿನಿಯಂ ಪಾತ್ರೆಯಲ್ಲಿ ನೀರು ಕಾಯಲು ಇಟ್ಟರು. ಥರ್ಮೋಸ್ಟ್ಯಾಟ್‌ನ ಬಾಯಿಗೆ ನೂಲು ಸಿಕ್ಕಿಸಿ, ನೀರೊಳಗೆ ಮುಳುಗುವಂತೆ ತೂಗುಬಿಟ್ಟು, ನೂಲು ನನ್ನ ಕೈಗೆ ಕೊಟ್ಟರು. ಪಕ್ಕದಲ್ಲಿ ಥರ್ಮಾಮೀಟರ್. ಥರ್ಮೋಸ್ಟ್ಯಾಟ್ ಮೇಲೆ 82 ಅಂತ ಕೆತ್ತಿತ್ತು, ಅಂದರೆ ಅಷ್ಟು ಡಿಗ್ರಿಗೆ ಅದು ತೆರೆಯಲು ಶುರುವಾಗಬೇಕು. 70 ಆಯಿತು, 78 ಆಯಿತು. ಎಲ್ಲರೂ ಸುಮ್ಮನಾಗಿದ್ದೆವು. 82 ದಾಟುತ್ತಿದ್ದ ಹಾಗೆ ನೂಲು ಕೈಯಲ್ಲಿ ಹಗುರಾಯಿತು. ಬಾಯಿ ತೆರೆದು, ಅದು ಪಾತ್ರೆಯ ತಳಕ್ಕೆ ಟಣ್ ಅಂತ ಬಿತ್ತು. ಒಳಗಿರುವ ಮೇಣ ಕಾದು ಹಿಗ್ಗಿ ವಾಲ್ವನ್ನು ತಳ್ಳುತ್ತದಂತೆ. ಕರೆಂಟ್ ಇಲ್ಲ, ವೈರ್ ಇಲ್ಲ. ನನ್ನ ಇಡೀ ಪ್ರವಾಸದಲ್ಲಿ ಅಷ್ಟು ಖುಷಿ ಕೊಟ್ಟ ಕ್ಷಣ ಇನ್ನೊಂದಿಲ್ಲ.

ಕ್ಯಾಪ್‌ನ ರಬ್ಬರ್ ಕೂಡ ಸೀಳಿತ್ತು. ಒಂದು ಬಾರ್‌ನಷ್ಟು ಒತ್ತಡ ಹಿಡಿದಿಟ್ಟರೆ ನೀರು 100ಕ್ಕಲ್ಲ, ಸುಮಾರು 120 ಡಿಗ್ರಿಗೆ ಕುದಿಯುತ್ತದೆ. ಸೀಳಿದ ಕ್ಯಾಪ್ ಅಷ್ಟು ಹಿಡಿಯುವುದಿಲ್ಲ, ನೀರು ಬೇಗ ಕುದಿದು ಹೊರಗೆ ಹೋಗುತ್ತದೆ. ದಿನಾ ನೀರು ಕಡಿಮೆಯಾಗುತ್ತಿದ್ದುದು ಹೀಗೆ. ಬಾವಿ ನೀರಿನ ಮಾತು ಬಂದಾಗ ಅವರು ಜೋರಾಗಿಯೇ ಬೈದರು. ಉಪ್ಪು ನೀರು ಒಳಗೆ ತುಕ್ಕು ಹಿಡಿಸಿ, ರೇಡಿಯೇಟರ್‌ನ ಸಣ್ಣ ನಳಿಗೆಗಳನ್ನು ಮುಚ್ಚಿಬಿಡುತ್ತದೆ. ಮೂರು ಸಲ ಒಳ್ಳೆ ನೀರಲ್ಲಿ ತೊಳೆದು, ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧ ಅರ್ಧ ಸೇರಿಸಿ ತುಂಬಿದರು. ಗಾಳಿ ಪೂರ್ತಿ ಹೊರಗೆ ಹೋಗುವವರೆಗೆ ಇಂಜಿನ್ ಓಡಿಸಿಯೇ ಕ್ಯಾಪ್ ಹಾಕಿದ್ದು.

ಅಷ್ಟರಲ್ಲಿ ಕತ್ತಲಾಗಿತ್ತು. ಅವರ ಹೆಂಡತಿ ಕುಚ್ಚಲಕ್ಕಿ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ ಬಡಿಸಿದರು. ಮರುದಿನ ಉಡುಪಿಯ ಹೋಟೆಲಿನಲ್ಲಿ ತಿಂದ ಬೆಲ್ಲದ ಸಾಂಬಾರ್ ನನಗೆ ಒಗ್ಗಲೇ ಇಲ್ಲ. ಆ ಗಂಜಿಯ ರುಚಿ ಮಾತ್ರ ಬಾಯಲ್ಲೇ ಇದೆ.

ಎರಡು ದಿನ ಬಿಟ್ಟು ಪಣಂಬೂರಿನಲ್ಲಿ ಗೊಬ್ಬರದ ಮೂಟೆ ತುಂಬಿಕೊಂಡು ವಾಪಸ್ ಹೊರಟೆವು. ಈಗ ಶಿರಾಡಿ ಏರಬೇಕು, ಅದೂ ಫುಲ್ ಲೋಡ್. ಗುಂಡ್ಯ ಬಿಟ್ಟಲ್ಲಿಂದ ಇಬ್ಬರೂ ಮಾತಾಡಲಿಲ್ಲ. ಚಿಕ್ಕಪ್ಪ ರಸ್ತೆ ನೋಡುತ್ತಿದ್ದರು, ನಾನು ಮುಳ್ಳು ನೋಡುತ್ತಿದ್ದೆ. ಮಾರನಹಳ್ಳಿಯಲ್ಲಿ ಚಹಾಕ್ಕೆ ನಿಲ್ಲಿಸಿ, ಬ್ಯಾಂಡೇಜ್ ಕಟ್ಟಿದ ಕೈಯಲ್ಲೇ ಅವರು ಮೊದಲು ಫೋನ್ ಮಾಡಿದ್ದು ಉಚ್ಚಿಲಕ್ಕೆ.

"ಅಣ್ಣಾ, ಘಾಟಿ ಹತ್ತಿದೆವು. ಮುಳ್ಳು ನಡುವಲ್ಲೇ ಇದೆ."