ಡ್ಯಾಂಪರ್ ಎತ್ತಿಟ್ಟು ನುಡಿಸಿ: ಮೂನ್‌ಲೈಟ್ ಸೊನಾಟಾ ಮತ್ತು ಅದರ ಮರುಹುಟ್ಟುಗಳು

ಮೂನ್‌ಲೈಟ್ ಸೊನಾಟಾ ಎಂಬ ಪಿಯಾನೋ ಕೃತಿಯ ಮೊದಲ ಪುಟದ ತಲೆಯಲ್ಲೇ ಬೆಥೋವನ್ ಇಟಾಲಿಯನ್ ಭಾಷೆಯಲ್ಲಿ ಒಂದು ಸೂಚನೆ ಬರೆದಿಟ್ಟಿದ್ದಾನೆ: ಇಡೀ ಭಾಗವನ್ನು ಅತಿ ನಾಜೂಕಾಗಿ, 'ಸೆಂಜಾ ಸೊರ್ದಿನೊ' ನುಡಿಸಬೇಕು. ಸೆಂಜಾ ಅಂದರೆ ಇಲ್ಲದೆ, ಸೊರ್ದಿನೊ ಅಂದರೆ ಇಲ್ಲಿ ತಂತಿಯ ನಾದವನ್ನು ತಡೆಯುವ ಡ್ಯಾಂಪರ್. ಅವನ್ನು ಎತ್ತಿಟ್ಟುಬಿಡಿ, ಒಂದು ಸ್ವರ ಇನ್ನೊಂದರ ಮೇಲೆ ಹರಿಯಲಿ ಎಂದರ್ಥ. ಮೂನ್‌ಲೈಟ್ ಸೊನಾಟಾದ ಕಷ್ಟವೆಲ್ಲ ಈ ಒಂದು ಸಾಲಿನಲ್ಲಿದೆ.

ಬೆಳದಿಂಗಳ ಹೆಸರು ಅವನಿಟ್ಟದ್ದಲ್ಲ. 1801ರಲ್ಲಿ ರಚಿಸಿ ಮರುವರ್ಷ ವಿಯೆನ್ನಾದಲ್ಲಿ ಅಚ್ಚಾದಾಗ ಅದು ಓಪಸ್ (ಕೃತಿ ಸಂಖ್ಯೆ) 27, ಸಂಖ್ಯೆ 2, 'ಫ್ಯಾಂಟಸಿಯಂಥ ಸೊನಾಟಾ', ಅಷ್ಟೇ. ಆಮೇಲೆ ವಿಮರ್ಶಕ ರೆಲ್‌ಸ್ಟಾಬ್ ಇದನ್ನು ಸರೋವರದ ಮೇಲಿನ ಬೆಳದಿಂಗಳಿಗೆ ಹೋಲಿಸಿದ, ಹೆಸರು ಅಂಟಿಕೊಂಡಿತು. ಅದರಿಂದಾದ ಕೆಡುಕೆಂದರೆ ಎಲ್ಲರೂ ತೂಕಡಿಸುವಷ್ಟು ನಿಧಾನವಾಗಿ ನುಡಿಸುತ್ತಾರೆ. ಅಡಾಜಿಯೋ (ನಿಧಾನ) ಎಂದಿರುವುದು ನಿಜ, ಆದರೆ ತಾಳದ ಗುರುತು ನೋಡಿ: ಒಂದು ಆವರ್ತಕ್ಕೆ, ಅಂದರೆ ಬಾರ್‌ಗೆ ಎಣಿಸಬೇಕಾದದ್ದು ನಾಲ್ಕಲ್ಲ, ಎರಡು. ಮೊದಲ ಭಾಗದಲ್ಲಿರುವುದು 69 ಬಾರ್, ಬಾರ್‌ಗೆ ನಾಲ್ಕರಂತೆ 276 ಕಾಲು ಸ್ವರ (ಕ್ವಾರ್ಟರ್ ನೋಟ್). ಮೆಟ್ರೊನೋಮನ್ನು (ಲಯ ಎಣಿಸುವ ಯಂತ್ರ) ನಿಮಿಷಕ್ಕೆ 40 ಕಾಲು ಸ್ವರಕ್ಕಿಟ್ಟರೆ ಸುಮಾರು ಏಳು ನಿಮಿಷ, 60ಕ್ಕಿಟ್ಟರೆ ನಾಲ್ಕೂವರೆ. ಪಿಯಾನೋ ವಾದಕ ಗ್ಲೆನ್ ಗೋಲ್ಡ್ ಇನ್ನೂ ಚುರುಕು, ಸ್ವಲ್ಪ ಅತಿಯೇ. 54ರ ಆಸುಪಾಸು ಹಿಡಿದರೆ ಮೇಲಿನ ರಾಗಕ್ಕೆ ಒಂದೇ ಉಸಿರಿನಲ್ಲಿ ಸಾಗುವ ಅವಕಾಶ ಸಿಗುತ್ತದೆ.

ಈಗ ಕಾಲಿನ ಕೆಲಸ. ಅಂದಿನ ವಿಯೆನ್ನಾ ಪಿಯಾನೋದ ನಾದ ಬೇಗ ಇಳಿಯುತ್ತಿತ್ತು, ಡ್ಯಾಂಪರ್ ಎತ್ತಿಟ್ಟರೂ ಗದ್ದಲವಾಗುತ್ತಿರಲಿಲ್ಲ. ಇಂದಿನ ಗ್ರ್ಯಾಂಡ್ ಪಿಯಾನೋದಲ್ಲಿ ಹಾಗೆ ಮಾಡಿದರೆ ಮೂರನೇ ಬಾರ್‌ಗೇ ಕಲಸುಮೇಲೋಗರ. ಪಿಯಾನೋ ವಾದಕ ಆಂಡ್ರಾಸ್ ಶಿಫ್‌ನಂಥವರು ಆ ಸೂಚನೆಯನ್ನು ಅಕ್ಷರಶಃ ಪಾಲಿಸಿ ತೋರಿಸಿದ್ದಾರೆ, ಅದಕ್ಕೆ ಅವರ ಬೆರಳಿನ ಹತೋಟಿ ಬೇಕು. ಉಳಿದವರಿಗೆ ಬೆಥೋವನ್‌ನ ಶಿಷ್ಯ ಚೆರ್ನಿ ಹೇಳಿದ ದಾರಿಯೇ ಸರಿ: ಬೇಸ್ (ಎಲ್ಲಕ್ಕಿಂತ ಕೆಳಗಿನ) ಸ್ವರ ಬದಲಾದಾಗಲೆಲ್ಲ ಡ್ಯಾಂಪರ್ ಎತ್ತುವ ಪೆಡಲ್ ಬದಲಿಸಿ. ಬೆರಳು ಇಳಿಯುವಾಗ ಕಾಲು ಏಳಬೇಕು, ನಾದ ಹುಟ್ಟಿದ ಮೇಲೆ ಕಾಲು ಮತ್ತೆ ಇಳಿಯಬೇಕು. ಅಷ್ಟು ಹೊತ್ತು ಎಡಗೈ ಆಕ್ಟೇವ್ (ಮೇಲಿನ, ಕೆಳಗಿನ ಸ್ಥಾಯಿಗಳ ಒಂದೇ ಸ್ವರದ ಜೋಡಿ) ಬಿಡಬಾರದು. ಬಿಟ್ಟರೆ ಬೇಸ್ ಸತ್ತು ಮೇಲಿನ ತಿಶ್ರ (ಮೂರು ಸ್ವರಗಳ ಗುಂಪು) ಮಾತ್ರ ಅನಾಥವಾಗಿ ಉಳಿಯುತ್ತದೆ. ಪೆಡಲನ್ನು ಅರ್ಧಕ್ಕೆ ಒತ್ತಿದರೆ ಡ್ಯಾಂಪರ್ ತಂತಿಯನ್ನು ಸವರಿಕೊಂಡಿರುತ್ತದೆ, ಮೂಲದ ಮಬ್ಬು ಸ್ವಲ್ಪ ಸಿಗುತ್ತದೆ. ಅಗ್ಗದ ಕೀಬೋರ್ಡ್‌ಗಳ ಪೆಡಲ್ ಬರೀ ಸ್ವಿಚ್ಚು. ಅಲ್ಲಿ ಅರ್ಧ ಎಂಬುದೇ ಇಲ್ಲ.

ಕೀಬೋರ್ಡ್ ಎಂದ ಮೇಲೆ ಒಂದು ತಮಾಷೆ. ಅಂದಿನ ಪಿಯಾನೋದ ಐದು ಆಕ್ಟೇವ್‌ಗೆ 61 ಕೀ, ನಮ್ಮ ಸಾಮಾನ್ಯ ಕೀಬೋರ್ಡ್‌ಗೂ 61. ಆದರೆ ಅದು ಕೆಳಗಿನ ಎಫ್‌ನಿಂದ ಶುರು, ನಮ್ಮದು ಅದಕ್ಕಿಂತ ಮೇಲಿನ ಸಿ‌ಯಿಂದ. ಹಾಗಾಗಿ ಮೊದಲ ಬಾರ್‌ನ ಸಿ ಶಾರ್ಪ್ ಸಿಗುತ್ತದೆ, ಎರಡನೇ ಬಾರ್‌ನ ಕೆಳಗಿನ ಬಿ ಸಿಗುವುದಿಲ್ಲ. ಅಲ್ಲಿ ಆಕ್ಟೇವ್‌ನ ಮೇಲಿನ ಸ್ವರವೊಂದನ್ನೇ ನುಡಿಸಿ.

ಲಯದಲ್ಲಿ ಎಲ್ಲರೂ ಎಡವುವ ಜಾಗ ಐದನೇ ಬಾರ್, ಪಂಚಮದ ಮೇಲೆ ರಾಗ ಶುರುವಾಗುವಲ್ಲಿ. ಒಳಗೆ ತಿಶ್ರ ನಡೆ, ಅದರ ಮೂರನೇ ಸ್ವರ ಬೀಟಿನ ಮೂರನೇ ಎರಡರಲ್ಲಿ. ಮೇಲಿನ ಗಿಡ್ಡ ಸ್ವರ ಬೀಟಿನ ಮುಕ್ಕಾಲಿನಲ್ಲಿ. ನಡುವಿನ ಅಂತರ ಬೀಟಿನ ಹನ್ನೆರಡನೇ ಒಂದು. ಎರಡನ್ನೂ ಒಟ್ಟಿಗೆ ಒತ್ತಿದರೆ ಜೋಲಿ ಹಾಡಾಗುತ್ತದೆ. ತಿಶ್ರ ಮುಗಿದ ಮೇಲೇ ಆ ಸ್ವರ ಬರಲಿ.

ಕರ್ನಾಟಕ ಸಂಗೀತ ಕಲಿತವರಿಗೆ ಈ ಸ್ಕೇಲ್ ಅಪರಿಚಿತವಲ್ಲ. ಸಿ ಶಾರ್ಪ್ ಅನ್ನು ಷಡ್ಜ ಮಾಡಿಕೊಂಡರೆ ಹಾರ್ಮೋನಿಕ್ ಮೈನರ್ ಎಂದರೆ ಕೀರವಾಣಿ ರಾಗದ ಸ್ವರಗಳೇ. ಆದರೆ ಎರಡನೇ ಬಾರ್‌ನ ಬೇಸ್‌ನಲ್ಲಿ ಕೈಶಿಕಿ (ತಗ್ಗಿನ) ನಿಷಾದ, ನಾಲ್ಕನೇ ಬಾರ್‌ನ ತಿಶ್ರದಲ್ಲಿ ಕಾಕಲಿ (ಅದಕ್ಕಿಂತ ಅರ್ಧ ಸ್ವರ ಮೇಲಿನದು). ಮೂರನೇ ಬಾರ್‌ನ ಉತ್ತರಾರ್ಧಕ್ಕೆ ಡಿ ಮೇಜರ್ ಕಾರ್ಡ್ (ಕೂಡಿ ನುಡಿಯುವ ಸ್ವರಗಳ ಗೊಂಚಲು) ಬಂದು ಶುದ್ಧ ರಿಷಭ ಇಣುಕುತ್ತದೆ, ಮುಂದಿನ ಬಾರ್‌ನಲ್ಲೇ ಚತುಶ್ರುತಿ ರಿಷಭ. ಪೆಡಲ್ ಕೊಳಕಾಗಿದ್ದರೆ ಕೆಡುವುದು ಇಲ್ಲೇ: ಎರಡು ರಿಷಭಗಳು ಒಂದೇ ನಾದದಲ್ಲಿ ಕಚ್ಚಾಡುತ್ತವೆ.

ಆ ಡಿ ಮೇಜರ್ ಬೀಟಲ್ಸ್‌ನ 'ಬಿಕಾಸ್'ನಲ್ಲೂ ಇದೆ (1969, 'ಆಬಿ ರೋಡ್'). ಹೆಂಡತಿ ಯೋಕೊ ಓನೊ ನುಡಿಸಿದ ಈ ಸೊನಾಟಾದ ಕಾರ್ಡ್‌ಗಳನ್ನು ತಿರುಗುಮುರುಗಾಗಿ ಕೇಳಿ ಹಾಡು ಹುಟ್ಟಿತು ಎಂದು ಬೀಟಲ್ಸ್ ತಂಡದ ಲೆನನ್ ಹೇಳಿದ್ದುಂಟು. ಹಾಳೆ ಮುಂದಿಟ್ಟುಕೊಂಡು ಹೋಲಿಸಿದರೆ ಅದು ನಿಜವಾದ ತಿರುವುಮುರುವಲ್ಲ. ಶ್ರುತಿ, ಒಡೆದು ಒಂದೊಂದೇ ಸ್ವರವಾಗಿ ನುಡಿಸುವ ಕಾರ್ಡ್‌ಗಳು, ಆ ಡಿ ಮೇಜರ್ ಮಾತ್ರ ಉಳಿದಿವೆ. ಒಡೆದ ಕಾರ್ಡ್ ಅಲ್ಲಿ ತಂತಿ ಮೀಟುವ ಹಳೆಯ ಕೀಲಿವಾದ್ಯದ ವಿದ್ಯುತ್ ರೂಪವಾದ ಎಲೆಕ್ಟ್ರಿಕ್ ಹಾರ್ಪ್ಸಿಕಾರ್ಡ್‌ಗೆ ಹೋಗಿದೆ, ಅದರ ನಾದ ತುಸು ಮೊಟಕು. ಪೆಡಲ್ ಮಾಡುತ್ತಿದ್ದ ಕೆಲಸವನ್ನು ಗಂಟಲುಗಳಿಗೆ ವಹಿಸಿದ್ದಾರೆ: ಮೂವರು ಮೂರು ಸಲ ಹಾಡಿ ಒಂಬತ್ತು ದನಿ.

ಸೊನಾಟಾದ ಮೂರನೇ ಭಾಗದ ಪ್ರೆಸ್ಟೊ (ಅತಿ ವೇಗದ ನಡೆ) ಎಲೆಕ್ಟ್ರಿಕ್ ಗಿಟಾರ್‌ನವರ ಪಾಲಾಗಿದೆ. ಅಲ್ಲಿ ಬೆಥೋವನ್ ಏರುವ ಸ್ವರಗಳಿಗೆ ಪೆಡಲ್ ಕೊಟ್ಟಿಲ್ಲ, ತುದಿಯ ಎರಡು ಕಾರ್ಡ್‌ಗೆ ಮಾತ್ರ. ಗಿಟಾರ್‌ಗೆ ಡಿಸ್ಟಾರ್ಷನ್ (ದನಿಯನ್ನು ಒರಟಾಗಿಸುವ ಪರಿಣಾಮ) ಹಾಕಿದರೆ ತುಂಬಿದ ಮೈನರ್ ಕಾರ್ಡ್ ಗೊರಗೊರ ಎನ್ನುತ್ತದೆ. ಹಾಗಾಗಿ ಗಾಂಧಾರ ಬಿಟ್ಟು ಷಡ್ಜ-ಪಂಚಮ ಇಟ್ಟುಕೊಳ್ಳುವುದು ವಾಸಿ. ಏರಿಕೆಗೆ ಸ್ವೀಪ್ ಪಿಕಿಂಗ್ (ಒಂದೇ ಎಳೆತದಲ್ಲಿ ತಂತಿಗಳನ್ನು ಸವರಿ ಮೀಟುವುದು), ಆದರೆ ದಾಟಿದ ತಂತಿಯನ್ನು ಅಂಗೈಯಲ್ಲಿ ಮುಚ್ಚದಿದ್ದರೆ ಏರಿಕೆಯೂ ಪೆಡಲ್ ಒತ್ತಿದಂತೆ ಕೇಳುತ್ತದೆ. ಹೆಚ್ಚಿನ ವಿಡಿಯೊಗಳಲ್ಲಿ ವೇಗವಿದೆ, ಈ ಮೌನವಿಲ್ಲ.

ಎಲ್ಲಕ್ಕಿಂತ ಆಳಕ್ಕೆ ಇಳಿದವನು ರಷ್ಯದ ಸಂಗೀತ ರಚನಕಾರ ಶೊಸ್ತಕೊವಿಚ್. 1975ರ ವಯೊಲಾ (ಪಿಟೀಲಿಗಿಂತ ತುಸು ದೊಡ್ಡ ತಂತಿವಾದ್ಯ) ಸೊನಾಟಾ, ಓಪಸ್ 147, ಅವನ ಕೊನೆಯ ಕೃತಿ; ಅದೇ ಆಗಸ್ಟ್‌ನಲ್ಲಿ ತೀರಿಕೊಂಡ. ಕೊನೆಯ ಅಡಾಜಿಯೋದಲ್ಲಿ ಅದೇ ಗಿಡ್ಡ ಸ್ವರದ ಲಯ, ಅದೇ ಒಡೆದ ಕಾರ್ಡ್. ಬೆಥೋವನ್‌ನ ರಾಗ ಪಿಯಾನೋದಲ್ಲಿ ಹುಟ್ಟಿದ ಕ್ಷಣದಿಂದ ಸಾಯತೊಡಗುತ್ತದೆ. ವಯೊಲಾದಲ್ಲಿ ಕಮಾನು ಎಳೆಯುವವರೆಗೂ ಸಾಯುವುದಿಲ್ಲ. ಸಿ ಶಾರ್ಪ್ ಮೈನರ್‌ನ ನೆನಪಿನಲ್ಲಿ ಅಲೆದು, ಅರ್ಧ ಸ್ವರ ಕೆಳಗಿಳಿದು, ಸಿ ಮೇಜರ್‌ನಲ್ಲಿ ಅದು ಕರಗುತ್ತದೆ.