ಬಿಜಿಪಿಯನ್ನು ಒಪ್ಪಿಕೊಂಡ ಶನಿವಾರ

ಬೆಂಗಳೂರಿನ ವೈಟ್‌ಫೀಲ್ಡ್ ಬಳಿಯ ಡೇಟಾ ಸೆಂಟರ್ ಒಂದರಲ್ಲಿ ಹೊಸ ಹಾಲ್‌ನ ನೆಟ್‌ವರ್ಕ್ ವಿನ್ಯಾಸದ ಹೊಣೆ ನನ್ನ ಪಾಲಿಗೆ ಬಂದಾಗ, ರೂಟಿಂಗ್ ಪ್ರೋಟೊಕಾಲ್ (ಡೇಟಾ ಯಾವ ದಾರಿಯಲ್ಲಿ ಹೋಗಬೇಕೆಂದು ಸ್ವಿಚ್‌ಗಳು ತಮ್ಮಲ್ಲಿ ತೀರ್ಮಾನಿಸಿಕೊಳ್ಳುವ ಬಗೆ) ಯಾವುದಿರಬೇಕು ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರ ಆಗಲೇ ಸಿದ್ಧವಿತ್ತು. ಅಂಥ ಪ್ರೋಟೊಕಾಲ್‌ಗಳಲ್ಲೊಂದಾದ ಒಎಸ್‌ಪಿಎಫ್ ಅನ್ನು ಹದಿನಾಲ್ಕು ವರ್ಷ ನಡೆಸಿಕೊಂಡು ಬಂದವನು ನಾನು. ಹೊಸ ಹಾಲ್‌ನಲ್ಲಿ ಸರ್ವರ್‌ಗಳು ಬಂದು ಸೇರುವ ಮೂವತ್ತೆರಡು ಲೀಫ್ ಸ್ವಿಚ್‌ಗಳು, ಅವನ್ನು ಮೇಲಿನಿಂದ ಒಂದಕ್ಕೊಂದು ಬೆಸೆಯುವ ನಾಲ್ಕು ಸ್ಪೈನ್ ಸ್ವಿಚ್‌ಗಳು, ಪ್ರತಿ ಲೀಫ್‌ನಿಂದ ನಾಲ್ಕೂ ಸ್ಪೈನ್‌ಗಳಿಗೆ ಒಂದೊಂದು ಲಿಂಕ್, ಒಟ್ಟು 128 ಲಿಂಕ್‌ಗಳು. ಇಷ್ಟನ್ನು ಒಂದೇ ಏರಿಯಾದಲ್ಲಿ, ಅಂದರೆ ಒಂದೇ ನಕ್ಷೆ ಹಂಚಿಕೊಳ್ಳುವ ಗುಂಪಿನಲ್ಲಿ, ಇಟ್ಟರೂ ಒಎಸ್‌ಪಿಎಫ್ ಸಲೀಸಾಗಿ ಹೊರುತ್ತದೆ. ಆ ಮಾತನ್ನು ಇವತ್ತೂ ಹೇಳುತ್ತೇನೆ. ಬಿಜಿಪಿ ಎಂದರೆ ಇಂಟರ್ನೆಟ್ ಸೇವೆ ಕೊಡುವ ಕಂಪನಿಗಳು ತಮ್ಮತಮ್ಮಲ್ಲಿ ಬಳಸುವಂಥದ್ದು, ನಿಧಾನವಾದದ್ದು, ಒಳಮನೆಗೆ ತರುವಂಥದ್ದಲ್ಲ ಎಂದು ನಾನು ನಂಬಿದ್ದೆ.

ನಮ್ಮ ತಂಡದ ಹಿರಿಯ ಆರ್ಕಿಟೆಕ್ಟ್ ಮೇಡಂ ಅದನ್ನು ಒಪ್ಪಲಿಲ್ಲ. ದೊಡ್ಡ ಡೇಟಾ ಸೆಂಟರ್‌ಗಳ ಒಳಗೆ ಬಿಜಿಪಿಯೊಂದನ್ನೇ ಬಳಸುವ ಬಗೆಯನ್ನು ವಿವರಿಸುವ ಇಂಟರ್ನೆಟ್ ತಂತ್ರಜ್ಞಾನದ ದಾಖಲೆ ಆರ್‌ಎಫ್‌ಸಿ 7938, 2016ರ ಆಗಸ್ಟ್‌ನಲ್ಲಿ ಬಂದದ್ದು, ಅವರ ಮೇಜಿನ ಮೇಲೆ ಗುರುತು ಹಾಕಿದ ಹಾಳೆಗಳಾಗಿ ಬಿದ್ದಿತ್ತು. “ನಮ್ಮದು ಅಷ್ಟು ದೊಡ್ಡದಲ್ಲವಲ್ಲ ಮೇಡಂ” ಎಂದೆ. “ಗಾತ್ರದ ವಿಷಯ ಬಿಡಿ. ಒಂದು ಸ್ವಿಚ್‌ನಲ್ಲಿ ಆದ ತಪ್ಪು ಎಲ್ಲಿಯವರೆಗೆ ಹೋಗುತ್ತೆ ಅನ್ನೋದನ್ನ ನೋಡೋಣ, ಶನಿವಾರ ಲ್ಯಾಬ್‌ಗೆ ಬನ್ನಿ” ಎಂದರು.

ಆ ಶನಿವಾರ ಲ್ಯಾಬ್‌ನಲ್ಲಿ ಎರಡು ಸ್ಪೈನ್, ನಾಲ್ಕು ಲೀಫ್ ಜೋಡಿಸಿಕೊಂಡು ಮೂವರು ಕುಳಿತೆವು. ಮೂರನೆಯವನು ರಾತ್ರಿ ಪಾಳಿಯಲ್ಲಿ ಕೆಲಸ ಮಾಡುವ ಹುಡುಗ, ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಮೊದಲು ಬಿಜಿಪಿ ಹಾಕಿದೆವು. ಸ್ಪೈನ್‌ಗಳಿಗೆ 65001, 65002 ಎಂದೂ ಲೀಫ್‌ಗಳಿಗೆ 65101ರಿಂದ 65104ರವರೆಗೂ ಖಾಸಗಿ ಎಎಸ್ ಸಂಖ್ಯೆಗಳನ್ನು (ಬಿಜಿಪಿಯಲ್ಲಿ ಯಾರು ಯಾರೆಂದು ಗುರುತಿಸುವ ಸಂಖ್ಯೆಗಳನ್ನು) ನಾನೇ ಹಂಚಿದ್ದೆ. ಸ್ವಿಚ್‌ಗಳ ನಡುವಿನ ಬಿಜಿಪಿ ಸೆಷನ್‌ಗಳೆಲ್ಲ ಕೂಡಿಕೊಂಡವು, ಆದರೆ ಮೊದಲ ಲೀಫ್‌ನಿಂದ ನಾಲ್ಕನೆಯ ಲೀಫ್‌ನ 10.20.4.0/24 ಜಾಲಕ್ಕೆ ರೂಟಿಂಗ್ ಟೇಬಲ್‌ನಲ್ಲಿ ಒಂದೇ ದಾರಿ ಕಾಣಿಸಿತು. ಇನ್ನೊಂದು ಸ್ಪೈನ್‌ನ ಲಿಂಕ್ ಸುಮ್ಮನೆ ಕುಳಿತಿತ್ತು. ಒಎಸ್‌ಪಿಎಫ್‌ನಲ್ಲಾದರೆ ಸಮಾನ ದೂರದ ಎರಡು ದಾರಿಗಳನ್ನೂ ಅದು ತಾನಾಗಿಯೇ ಬಳಸಿಕೊಳ್ಳುತ್ತದೆ. ನನ್ನ ವಾದಕ್ಕೆ ಪುರಾವೆ ಸಿಕ್ಕಿತೆಂದೇ ಅಂದುಕೊಂಡೆ.

ಮಧ್ಯಾಹ್ನದ ಹೊತ್ತಿಗೆ ಇನ್ನೊಂದು ತೊಂದರೆ ಎದುರಾಯಿತು. ನಾಲ್ಕನೆಯ ಲೀಫ್‌ನ ವಿದ್ಯುತ್ ತೆಗೆದ ಮೇಲೂ ಮೊದಲ ಸ್ಪೈನ್‌ನಲ್ಲಿ ಅದರ ರೂಟ್ ಕೆಲವು ಕ್ಷಣ ಉಳಿದುಕೊಂಡಿತ್ತು. ಪರದೆಯ ಮೇಲೆ ಎಎಸ್ ಪಾತ್, ಎಂದರೆ ರೂಟ್ ದಾಟಿಬಂದ ಎಎಸ್ ಸಂಖ್ಯೆಗಳ ಸಾಲು, ‘65101 65002 65104’ ಎಂದಿತ್ತು. ಅಂದರೆ ಸ್ಪೈನ್ ತನ್ನ ಕೆಳಗಿನ ಲೀಫ್‌ನ ಮೂಲಕ ಮತ್ತೊಂದು ಸ್ಪೈನ್‌ಗೆ ಏರಿ, ಆಗಲೇ ಸತ್ತಿದ್ದ ಸ್ವಿಚ್‌ನ ದಾರಿ ಹುಡುಕುತ್ತಿತ್ತು. ಮೇಡಂ ಸುಮ್ಮನೆ ಆ ಸಾಲಿನ ಮೇಲೆ ಪೆನ್ನಿಟ್ಟು ನನ್ನ ಮುಖ ನೋಡಿದರು. ಬೆಳಗಿನ ತೊಂದರೆಗೂ ಇದಕ್ಕೂ ಕಾರಣ ಒಂದೇ, ನಾನು ಹಂಚಿದ ಸಂಖ್ಯೆಗಳು ಎಂಬುದು ಆಗ ಹೊಳೆಯಿತು. ಎರಡೂ ಸ್ಪೈನ್‌ಗಳಿಗೆ 65000 ಎಂಬ ಒಂದೇ ಸಂಖ್ಯೆ ಕೊಟ್ಟೆವು. ಎಎಸ್ ಪಾತ್‌ನಲ್ಲಿ ತನ್ನದೇ ಸಂಖ್ಯೆ ಕಂಡರೆ ಬಿಜಿಪಿ ಆ ರೂಟನ್ನು ತಳ್ಳಿಹಾಕುವುದರಿಂದ ಲೀಫ್‌ನ ಮೂಲಕ ಸುತ್ತಿ ಬರುವ ದಾರಿ ಮುಚ್ಚಿತು; ಎರಡು ಸ್ಪೈನ್‌ಗಳಿಂದ ಬರುವ ಪಾತ್‌ಗಳು ಅಕ್ಷರಶಃ ಒಂದೇ ಆದದ್ದರಿಂದ ಎರಡೂ ಲಿಂಕ್‌ಗಳಲ್ಲಿ ಟ್ರಾಫಿಕ್ ಹರಿಯಿತು.

ವೇಗದ ವಿಷಯದಲ್ಲಿ ನಾನು ಅಂದುಕೊಂಡಿದ್ದ ಅಂತರ ಕಾಣಲಿಲ್ಲ. ಕೇಬಲ್ ಕಿತ್ತಾಗ ಪೋರ್ಟ್ ಬಿದ್ದದ್ದು ಸ್ವಿಚ್‌ಗೆ ತಕ್ಷಣ ತಿಳಿಯುವುದರಿಂದ ಎರಡೂ ಪ್ರೋಟೊಕಾಲ್‌ಗಳು ಕೂಡಲೇ ಬೇರೆ ದಾರಿ ಹಿಡಿದವು. ನಡುವೆ ಒಂದು ಹಳೆಯ ಸ್ವಿಚ್ ಇಟ್ಟು ಅದರಾಚೆಯ ಕೇಬಲ್ ಕಿತ್ತಾಗ ಮಾತ್ರ, ಈಚೆಯ ಪೋರ್ಟ್ ಹಸಿರಾಗಿಯೇ ಉಳಿದು, ಪಕ್ಕದ ಸ್ವಿಚ್ ಸತ್ತಿದೆ ಎಂದು ತೀರ್ಮಾನಿಸುವ ಮೊದಲು ಒಎಸ್‌ಪಿಎಫ್ ತನ್ನ 40 ಸೆಕೆಂಡುಗಳನ್ನೂ ಬಿಜಿಪಿ ತನ್ನ 180 ಸೆಕೆಂಡುಗಳನ್ನೂ ಕಾಯುತ್ತಾ ಕುಳಿತವು. 300 ಮಿಲಿಸೆಕೆಂಡಿಗೊಮ್ಮೆ ಪಕ್ಕದವನ ಇರವನ್ನು ವಿಚಾರಿಸಿ, ಮೂರು ಬಾರಿ ಉತ್ತರ ಬಾರದಿದ್ದರೆ ಲಿಂಕ್ ಸತ್ತಿದೆ ಎನ್ನುವ ಬಿಎಫ್‌ಡಿಯನ್ನು ಎರಡಕ್ಕೂ ಜೋಡಿಸಿದ ಮೇಲೆ ಆ ವ್ಯತ್ಯಾಸವೂ ಅಳಿಸಿಹೋಯಿತು.

ಕೊನೆಯ ಪರೀಕ್ಷೆಯನ್ನು ನಾನೇ ಕೇಳಿ ಸೇರಿಸಿದ್ದೆ, ಅದಕ್ಕೊಂದು ಕಾರಣವಿತ್ತು. ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ, ಪರೀಕ್ಷೆಗೆಂದು ಇಟ್ಟಿದ್ದ ಸ್ವಿಚ್‌ನಿಂದ ಒಂದು ಡೀಫಾಲ್ಟ್ ರೂಟ್ (ಬೇರೆ ದಾರಿ ಗೊತ್ತಿಲ್ಲದ ಟ್ರಾಫಿಕ್ ಎಲ್ಲ ಹಿಡಿಯುವ ದಾರಿ) ತಪ್ಪಿ ಒಎಸ್‌ಪಿಎಫ್‌ಗೆ ಹೊಕ್ಕಿತ್ತು. ಅದರ ಮೆಟ್ರಿಕ್, ಎಂದರೆ ದಾರಿಯ ವೆಚ್ಚದ ಅಂಕ, ಅಸಲಿ ರೂಟ್‌ಗಿಂತ ಕಡಿಮೆಯಿದ್ದುದರಿಂದ ಇಡೀ ಹಾಲ್‌ನ ಹೊರಹೋಗುವ ಟ್ರಾಫಿಕ್ ಆ ಮೂಲೆಯ ಸ್ವಿಚ್‌ಗೆ ನುಗ್ಗಿತು. ಯಾವ ರ‍್ಯಾಕ್‌ಗೆ ಹೋಗಿ ನೋಡಿದರೂ ಒಂದೇ ಲಕ್ಷಣ ಕಾಣುತ್ತಿದ್ದ ಆ ರಾತ್ರಿಯ ನಲವತ್ತು ನಿಮಿಷಗಳನ್ನು ನಾನು ಮರೆತಿಲ್ಲ.

ಅದೇ ತಪ್ಪನ್ನು ಮೂರನೆಯ ಲೀಫ್‌ನಲ್ಲಿ ಬೇಕೆಂದೇ ಮಾಡಿದೆವು. ಒಎಸ್‌ಪಿಎಫ್‌ನಲ್ಲಿ ಒಂದು ಏರಿಯಾದ ಪ್ರತಿ ಸ್ವಿಚ್‌ನ ಕೈಯಲ್ಲೂ ಒಂದೇ ನಕ್ಷೆ ಇರಲೇಬೇಕು, ಅದರ ಲೆಕ್ಕಾಚಾರ ನಿಂತಿರುವುದೇ ಆ ಒಪ್ಪಂದದ ಮೇಲೆ. ಆದ್ದರಿಂದ ಸುಳ್ಳು ಡೀಫಾಲ್ಟ್ ಎಲ್ಲ ಸ್ವಿಚ್‌ಗಳ ಡೇಟಾಬೇಸ್‌ಗೂ ಹರಡಿತು. ಒಂದು ಸ್ವಿಚ್ ಅದನ್ನು ತನ್ನ ಟೇಬಲ್‌ಗೆ ಸೇರಿಸಿಕೊಳ್ಳದಂತೆ ಮಾಡಬಹುದಿತ್ತೇ ಹೊರತು ಮುಂದಿನವರಿಗೆ ದಾಟದಂತೆ ನಡುವೆ ತಡೆಯಲು ಆಗುತ್ತಿರಲಿಲ್ಲ. ಬಿಜಿಪಿಯಲ್ಲಿ, ಆಯಾ ಲೀಫ್ ತನ್ನ ಪಾಲಿನ ಪ್ರಿಫಿಕ್ಸ್‌ಗಳನ್ನು (ಜಾಲವಿಳಾಸಗಳ ಗುಂಪುಗಳನ್ನು) ಬಿಟ್ಟು ಬೇರೇನು ಹೇಳಿದರೂ ಸ್ವೀಕರಿಸಬೇಡ ಎಂದು ಸ್ಪೈನ್‌ಗಳಲ್ಲಿ ಬರೆದಿಟ್ಟಿದ್ದೆವು. ಸುಳ್ಳು ರೂಟ್ ಮೊದಲ ಮೆಟ್ಟಿಲಲ್ಲೇ ನಿಂತಿತು. ಉಳಿದ ಮೂರು ಲೀಫ್‌ಗಳಿಗೆ ಏನೂ ಗೊತ್ತಾಗಲಿಲ್ಲ.

“ಸರ್, ಇಲ್ಲಿ ಯಾರು ಕಳಿಸಿದ್ದು ಅಂತ ಒಂದೇ ಸಾಲಲ್ಲಿ ಕಾಣ್ತಿದೆ” ಎಂದ ಹುಡುಗ. ಸ್ಪೈನ್ ತಿರಸ್ಕರಿಸಿದ ರೂಟ್‌ಗಳ ಪಟ್ಟಿಯಲ್ಲಿ ಡೀಫಾಲ್ಟ್ ರೂಟ್ ಆದ 0.0.0.0/0 ಎದುರಿಗೆ 65103 ಎಂದಿತ್ತು. ರಾತ್ರಿ ಎರಡು ಗಂಟೆಗೆ ಫೋನ್ ಎತ್ತುವವನು ಅವನೇ ಆದ್ದರಿಂದ ಆ ಮಾತಿಗೆ ನನ್ನ ಹದಿನಾಲ್ಕು ವರ್ಷಗಳಿಗಿಂತ ಹೆಚ್ಚು ತೂಕವಿದೆ ಎಂದು ನನಗನ್ನಿಸಿತು. ಬಿಜಿಪಿ ಆಗಲಿ ಎಂದು ಮೇಡಂಗೆ ಅಲ್ಲಿಯೇ ಹೇಳಿದೆ.

ಇದರಿಂದ ಬರವಣಿಗೆಯ ಕೆಲಸ ಹೆಚ್ಚಿತು ಎಂಬುದನ್ನು ಮುಚ್ಚಿಡುವುದಿಲ್ಲ. ಮೂವತ್ತೆರಡು ಲೀಫ್‌ಗಳಿಗೂ ಬೇರೆಬೇರೆ ಎಎಸ್ ಸಂಖ್ಯೆ, ಬೇರೆಬೇರೆ ಪ್ರಿಫಿಕ್ಸ್ ಪಟ್ಟಿ. ಕೈಯಲ್ಲಿ ಬರೆದರೆ ತಪ್ಪುವುದು ಖಚಿತವಾದ್ದರಿಂದ ಟೆಂಪ್ಲೇಟ್‌ನಿಂದಲೇ ತಯಾರಾಗಬೇಕು. ಸೋಮವಾರ ಆ ಹುಡುಗ ಟೆಂಪ್ಲೇಟ್‌ನ ಮೊದಲ ಕರಡು ತಂದ. ಅದರಲ್ಲಿ ನೆರೆಯ ಸ್ವಿಚ್‌ಗಳ ಸಾಲುಗಳಿಗಿಂತ ಮೊದಲು ಪ್ರಿಫಿಕ್ಸ್ ಪಟ್ಟಿಗಳನ್ನು ಬರೆದಿದ್ದ. ಆ ಕ್ರಮವನ್ನು ಬದಲಿಸದೆ ಸಹಿ ಹಾಕಿದೆ.