ಅಪಘಾತದ ನಂತರ ಟೆಟ್ರಿಸ್

ಟೆಟ್ರಿಸ್ ಎಂಬ ವಿಡಿಯೋ ಗೇಮ್ ಆಡಿದರೆ ಮನಸ್ಸಿನ ಆಘಾತ ಮಾಯವಾಗುತ್ತದೆ ಎಂಬ ಸಂದೇಶವೊಂದು ನಮ್ಮ ಮನೆಯವರ ವಾಟ್ಸ್‌ಆಪ್ ಗುಂಪಿನಲ್ಲಿ ಆಗಾಗ ಸುತ್ತು ಹಾಕುತ್ತಿರುತ್ತದೆ. ಕಳುಹಿಸುವವರೆಲ್ಲ ನನ್ನನ್ನು ಮನಸ್ಸಿನಲ್ಲಿಟ್ಟುಕೊಂಡೇ ಕಳುಹಿಸುತ್ತಾರೆಂದು ನನಗೆ ಗೊತ್ತು; ಆ ಗುಂಪಿನಲ್ಲಿ ಅಪಘಾತದ ನಂತರ ಈ ಆಟವನ್ನು ಚಿಕಿತ್ಸೆಯ ಭಾಗವಾಗಿ ನಿಜವಾಗಿಯೂ ಆಡಿದವಳು ನಾನೊಬ್ಬಳೇ. ಆ ಸಂದೇಶ ಪೂರ್ತಿ ಸುಳ್ಳಲ್ಲ. ಆದರೆ ಆಟವು ಏನನ್ನು ಮುಟ್ಟುತ್ತದೆ, ಏನನ್ನು ಮುಟ್ಟುವುದಿಲ್ಲ, ಯಾವ ಕ್ರಮದಲ್ಲಿ ಆಡಬೇಕು ಎಂಬ ಮೂರು ಸಂಗತಿಗಳನ್ನು ಅದು ಬಿಟ್ಟುಬಿಟ್ಟಿದೆ, ಮತ್ತು ಉಪಯೋಗಕ್ಕೆ ಬರುವುದು ಆ ಮೂರೇ.

ಚಿತ್ರದುರ್ಗ ದಾಟಿ ಹಿರಿಯೂರಿನ ಕಡೆಗೆ ಬರುತ್ತಿದ್ದಾಗ, ಇನ್ನೂ ಬೆಳಕು ಹರಿಯದ ಹೊತ್ತಿನಲ್ಲಿ, ಹೆದ್ದಾರಿಯ ಅಂಚಿನಲ್ಲಿ ದೀಪವಿಲ್ಲದೆ ನಿಂತಿದ್ದ ಲಾರಿಯ ಹಿಂಬದಿಗೆ ನಮ್ಮ ಕಾರು ಗುದ್ದಿತು. ಕಾರು ಓಡಿಸುತ್ತಿದ್ದ ಚಿಕ್ಕಪ್ಪನ ಮಗನ ಕಾಲಿನ ಮೂಳೆ ಮುರಿಯಿತು. ಪಕ್ಕದಲ್ಲಿ ಕುಳಿತಿದ್ದ ನನಗೆ ಸೀಟ್ ಬೆಲ್ಟ್ ಒತ್ತಿದ ಬರೆ ಬಿಟ್ಟರೆ ಬೇರೇನೂ ಆಗಲಿಲ್ಲವಾದ್ದರಿಂದ ಮನೆಯವರೆಲ್ಲ ನನ್ನ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿಯಿತೆಂದು ತಿಳಿದರು. ಮುಗಿದಿರಲಿಲ್ಲ. ಮಾಸಿದ ಹಳದಿ ಬಣ್ಣದ ಲಾರಿಯ ಹಿಂಬಾಗಿಲು, ಅದರ ಮೇಲೆ ಅರ್ಧ ಕಿತ್ತುಹೋದ ಕೆಂಪು ರಿಫ್ಲೆಕ್ಟರ್ ಪಟ್ಟಿ, ಪಕ್ಕದಲ್ಲಿ ನೇತಾಡುತ್ತಿದ್ದ ಟಾರ್ಪಾಲಿನ ಹಗ್ಗ, ಇಷ್ಟು ಇರುವ ಒಂದು ಚಿತ್ರ ಕರೆಯದೆಯೇ ಕಣ್ಣ ಮುಂದೆ ಬಂದು ನಿಲ್ಲತೊಡಗಿತು. ಮಕ್ಕಳ ಉತ್ತರ ಪತ್ರಿಕೆ ತಿದ್ದುವಾಗ ಬರುತ್ತಿತ್ತು, ಅನ್ನಕ್ಕೆ ಎಸರಿಡುವಾಗ ಬರುತ್ತಿತ್ತು, ಯಾರೋ ನಗುತ್ತ ಮಾತಾಡಿಸುತ್ತಿದ್ದಾಗಲೂ ಬರುತ್ತಿತ್ತು. ಬಂದಾಗ ಅದು ಹಿಂದೆಂದೋ ನಡೆದದ್ದು ಎನಿಸುತ್ತಿರಲಿಲ್ಲ. ಕಾಲು ತಾನಾಗಿ ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಅಮ್ಮ ದೃಷ್ಟಿ ನಿವಾಳಿಸಿದರು. ದೊಡ್ಡಮ್ಮ, ‘ಮನಸ್ಸಿಗೆ ಹಚ್ಕೋಬ್ಯಾಡವ್ವ, ಮರ್ತುಬಿಡು’ ಎಂದರು. ಪ್ರೀತಿಯಿಂದ ಹೇಳಿದ ಆ ಮಾತೇ ನನ್ನ ಪಾಲಿಗೆ ಅತ್ಯಂತ ಕಷ್ಟದ ಕೆಲಸವಾಗಿತ್ತು, ಏಕೆಂದರೆ ನೆನಪಿಸಿಕೊಳ್ಳುತ್ತಿದ್ದವಳು ನಾನಾಗಿರಲಿಲ್ಲ.

ಕೊನೆಗೆ ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ಭೇಟಿಯಾದ ಕ್ಲಿನಿಕಲ್ ಸೈಕಾಲಜಿಸ್ಟ್ ಮೊದಲು ಕೇಳಿದ ಪ್ರಶ್ನೆ ನನಗೆ ವಿಚಿತ್ರವೆನಿಸಿತ್ತು: ‘ನಿಮಗೆ ಬರುವುದು ಯೋಚನೆಯೋ, ಚಿತ್ರವೋ?’ ಆ ಭೇದದ ಮೇಲೆಯೇ ಇಡೀ ಚಿಕಿತ್ಸೆ ನಿಂತಿದೆ ಎಂಬುದು ಆಮೇಲೆ ತಿಳಿಯಿತು. ‘ಇನ್ನು ನಾನು ಕಾರಿನಲ್ಲಿ ಕೂರಲಾರೆ’ ಎಂಬುದು ಯೋಚನೆ. ಹಳದಿ ಹಿಂಬಾಗಿಲು ಚಿತ್ರ. ಟೆಟ್ರಿಸ್ ಕೆಲಸ ಮಾಡುವುದು, ಮಾಡುವುದಾದರೆ, ಎರಡನೆಯದರ ಮೇಲೆ.

ಇದರ ಹಿಂದಿರುವ ತರ್ಕ ಸರಳವಾದದ್ದು. ಮನುಷ್ಯನ ತತ್ಕಾಲದ ನೆನಪಿನಲ್ಲಿ ಮಾತನ್ನು ಹಿಡಿದಿಡುವ ಭಾಗವೊಂದು, ಆಕಾರ ಮತ್ತು ಜಾಗವನ್ನು ಹಿಡಿದಿಡುವ ಭಾಗವೊಂದು ಬೇರೆಬೇರೆಯಾಗಿ ಇವೆಯೆಂದು ಅಲನ್ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್ ಎಂಬ ಬ್ರಿಟಿಷ್ ಮನಶ್ಶಾಸ್ತ್ರಜ್ಞರು 1974ರಲ್ಲಿ ವಾದಿಸಿದರು. ಎರಡೂ ಭಾಗಗಳ ಸಾಮರ್ಥ್ಯ ಸೀಮಿತವಾದದ್ದು. ಒಂದೇ ಉರಿಯಿರುವ ಒಲೆಯ ಮೇಲೆ ಎರಡು ಪಾತ್ರೆ ಇಡಲಾಗದ ಹಾಗೆ, ಆಕಾರಗಳನ್ನು ತಿರುಗಿಸಿ ಜೋಡಿಸುವುದರಲ್ಲಿ ತೊಡಗಿರುವ ಮನಸ್ಸಿಗೆ ಅದೇ ಹೊತ್ತಿನಲ್ಲಿ ಭಯದ ಚಿತ್ರವನ್ನು ಅದರ ಪೂರ್ಣ ಬಣ್ಣದಲ್ಲಿ ಕಾಯಿಸಿಡಲು ಜಾಗ ಸಾಲುವುದಿಲ್ಲ. ಟೆಟ್ರಿಸ್‌ಗಿಂತ ಮುಂಚಿನ ಪ್ರಯೋಗಗಳಲ್ಲಿ ಇದೇ ಕಾರಣಕ್ಕೆ ಜನರ ಕೈಗೆ ಮೃದುವಾದ ಜೇಡಿಯಂಥ ವಸ್ತು ಕೊಟ್ಟು, ಆಕಾರಗಳನ್ನು ಮಾಡಿಸಿಯೂ ನೋಡಿದ್ದಾರೆ.

ಟೆಟ್ರಿಸ್‌ಗೆ ಆ ಗುಣ ಹುಟ್ಟಿನಿಂದಲೇ ಇದೆ. ಅಲೆಕ್ಸಿ ಪಜಿತ್ನೋವ್ 1984ರಲ್ಲಿ ಮಾಸ್ಕೋದ ವಿಜ್ಞಾನ ಅಕಾಡೆಮಿಯ ಕಂಪ್ಯೂಟರ್ ಕೇಂದ್ರದಲ್ಲಿ ಇದನ್ನು ಬರೆದಾಗ ಅವರ ಯಂತ್ರಕ್ಕೆ ಚಿತ್ರ ತೋರಿಸುವ ಶಕ್ತಿಯೇ ಇರಲಿಲ್ಲ, ಹಾಗಾಗಿ ಬೀಳುವ ತುಂಡುಗಳನ್ನು ಆವರಣ ಚಿಹ್ನೆಗಳಿಂದ ಮೂಡಿಸಿದ್ದರು. ನಾಲ್ಕು ಚೌಕಗಳಿಂದಾದ ಏಳು ಆಕಾರಗಳು ಮೇಲಿನಿಂದ ಒಂದೊಂದಾಗಿ ಇಳಿಯುತ್ತವೆ, ತಿರುಗಿಸಿ ಸಂದಿಯಿಲ್ಲದಂತೆ ಕೂರಿಸಬೇಕು, ಸಾಲು ತುಂಬಿದರೆ ಅಳಿಯುತ್ತದೆ. ನನ್ನ ವಯಸ್ಸಿನವರಿಗೆ ಇದು ಜಾತ್ರೆಯ ಅಂಗಡಿಗಳಲ್ಲಿ ‘9999 ಇನ್ 1’ ಎಂದು ಬರೆದುಕೊಂಡು ಮಾರಾಟವಾಗುತ್ತಿದ್ದ ಬೂದು ಬಣ್ಣದ ಬ್ರಿಕ್ ಗೇಮ್ ಆಗಿ ಪರಿಚಯ. ಅದರಲ್ಲಿ ಒಂಬತ್ತು ಸಾವಿರ ಆಟಗಳಂತೂ ಇರಲಿಲ್ಲ.

ಮನಶ್ಶಾಸ್ತ್ರಜ್ಞೆ ಎಮಿಲಿ ಹೋಮ್ಸ್ ಮತ್ತು ಅವರ ತಂಡ ಆಕ್ಸ್‌ಫರ್ಡ್‌ನಲ್ಲಿ ಮಾಡಿ 2009ರಲ್ಲಿ ಪ್ರಕಟಿಸಿದ ಪ್ರಯೋಗದಿಂದ ಈ ಸಂಶೋಧನೆ ಹೆಸರಾಯಿತು. ಗಾಯ ಮತ್ತು ಸಾವಿನ ದೃಶ್ಯಗಳಿದ್ದ ಚಿತ್ರತುಣುಕುಗಳನ್ನು 40 ಜನರಿಗೆ ತೋರಿಸಿ, ಅರ್ಧ ಗಂಟೆಯ ನಂತರ ಅವರಲ್ಲಿ ಅರ್ಧ ಜನರಿಗೆ 10 ನಿಮಿಷ ಟೆಟ್ರಿಸ್ ಆಡಲು ಕೊಟ್ಟು, ಉಳಿದವರನ್ನು ಸುಮ್ಮನೆ ಕೂರಿಸಿದರು. ಆಮೇಲಿನ ಒಂದು ವಾರ ಎಲ್ಲರೂ ತಮಗೆ ತಾವಾಗಿ ಬಂದ ದೃಶ್ಯಗಳನ್ನು ದಿನಚರಿಯಲ್ಲಿ ಗುರುತು ಹಾಕಿಕೊಂಡರು. ಆಡಿದವರಿಗೆ ಕಡಿಮೆ ಬಂದವು. ಇದಕ್ಕಿಂತ ನನಗೆ ಮುಖ್ಯವಾಗಿ ಕಂಡದ್ದು ವಾರದ ಕೊನೆಯಲ್ಲಿ ನಡೆದ ಪರೀಕ್ಷೆ: ಚಿತ್ರದಲ್ಲಿ ಏನೇನು ನಡೆಯಿತು ಎಂದು ಕೇಳಿದಾಗ ಎರಡೂ ಗುಂಪಿನವರು ಒಂದೇ ಮಟ್ಟದಲ್ಲಿ ಉತ್ತರಿಸಿದರು. ಅಂದರೆ ಆಟವು ಘಟನೆಯನ್ನು ಅಳಿಸಿರಲಿಲ್ಲ. ಘಟನೆ ತಾನಾಗಿ ನುಗ್ಗಿ ಬರುವುದನ್ನಷ್ಟೇ ಕಡಿಮೆ ಮಾಡಿತ್ತು. ಪೊಲೀಸರಿಗೆ ಹೇಳಿಕೆ ಕೊಡಬೇಕಾಗಿದ್ದ ನನಗೆ, ವಿಮೆಯವರ ಪ್ರಶ್ನೆಗಳಿಗೆ ಉತ್ತರಿಸಬೇಕಾಗಿದ್ದ ನನಗೆ, ಇದು ಸಣ್ಣ ಸಮಾಧಾನವಾಗಿರಲಿಲ್ಲ.

ಯಾವುದಾದರೊಂದು ಆಟದಲ್ಲಿ ಮನಸ್ಸು ತೊಡಗಿದರೆ ಸಾಕಲ್ಲವೇ ಎಂದು ನಮ್ಮ ಶಾಲೆಯ ಸಹೋದ್ಯೋಗಿಗಳು ಕೇಳುತ್ತಾರೆ. ಅದೇ ತಂಡ ಮರುವರ್ಷ ಟೆಟ್ರಿಸ್‌ನ ಜೊತೆಗೆ ಸಾಮಾನ್ಯ ಜ್ಞಾನದ ರಸಪ್ರಶ್ನೆ ಆಟವನ್ನೂ ಕೊಟ್ಟು ನೋಡಿತು. ರಸಪ್ರಶ್ನೆಯಲ್ಲೂ ಗಮನ ಪೂರ್ತಿ ಬೇಕು, ಬೇಸರವೂ ಆಗುವುದಿಲ್ಲ. ಆದರೂ ಒಂದು ಪ್ರಯೋಗದಲ್ಲಿ ಅದನ್ನು ಆಡಿದವರಿಗೆ ನುಗ್ಗಿ ಬರುವ ದೃಶ್ಯಗಳು ಏನೂ ಆಡದವರಿಗಿಂತ ಹೆಚ್ಚಾದವು. ನಡೆದದ್ದಕ್ಕೆ ಅರ್ಥ ಕೊಟ್ಟುಕೊಳ್ಳಲು ಬೇಕಾದ ಮಾತಿನ ಭಾಗವನ್ನೇ ಅದು ಆಕ್ರಮಿಸಿ, ಚಿತ್ರದ ಭಾಗವನ್ನು ಬಿಡುವಾಗಿ ಬಿಟ್ಟಿದ್ದು ಕಾರಣವಿರಬಹುದೆಂದು ಅವರು ವಿವರಿಸಿದರು. ಆಮೇಲಿನ ಬೇರೊಂದು ಪ್ರಯೋಗದಲ್ಲಿ ಪದಗಳ ಆಟವೂ ಟೆಟ್ರಿಸ್‌ನಷ್ಟೇ ಫಲ ಕೊಟ್ಟದ್ದುಂಟು, ಆದ್ದರಿಂದ ಈ ವಾದ ಇನ್ನೂ ಮುಗಿದಿಲ್ಲ. ಆದರೂ, ಆಘಾತವಾದವರ ಕೈಗೆ ಫೋನ್ ಕೊಟ್ಟು ‘ಏನಾದರೂ ನೋಡ್ತಾ ಇರು’ ಎನ್ನುವುದು ಇದೇ ಚಿಕಿತ್ಸೆಯೆಂದು ಯಾರೂ ಭಾವಿಸಬಾರದು.

ಪ್ರಯೋಗಾಲಯದ ಆಚೆ, ಆಕ್ಸ್‌ಫರ್ಡ್‌ನ ಜಾನ್ ರ‍್ಯಾಡ್‌ಕ್ಲಿಫ್ ಆಸ್ಪತ್ರೆಯ ತುರ್ತು ವಿಭಾಗದಲ್ಲಿ, ರಸ್ತೆ ಅಪಘಾತವಾಗಿ ಬಂದ 71 ಜನರ ಮೇಲೆ ನಡೆದ ಅಧ್ಯಯನ 2017ರಲ್ಲಿ ಹೊರಬಂತು. ಅಪಘಾತವಾದ 6 ಗಂಟೆಯೊಳಗೆ, ನಡೆದದ್ದನ್ನು ಒಮ್ಮೆ ಚುಟುಕಾಗಿ ನೆನಪಿಸಿಕೊಂಡು ಸುಮಾರು 20 ನಿಮಿಷ ಆಡಿದವರಿಗೆ ಮೊದಲ ವಾರದಲ್ಲಿ ನುಗ್ಗಿ ಬಂದ ನೆನಪುಗಳು ಇತರರಿಗಿಂತ ಶೇಕಡಾ 62ರಷ್ಟು ಕಡಿಮೆಯಿದ್ದವು. ವಾಟ್ಸ್‌ಆಪ್ ಸಂದೇಶದಲ್ಲಿ ಇದೇ ಅಂಕಿ ಇರುತ್ತದೆ, ‘ಮೊದಲ ವಾರದಲ್ಲಿ’ ಎಂಬುದು ಮಾತ್ರ ಇರುವುದಿಲ್ಲ.

ನನ್ನ ವಿಷಯದಲ್ಲಿ 6 ಗಂಟೆಯ ಗಡುವು ಎಂದೋ ಕಳೆದುಹೋಗಿತ್ತು. ಆಗ ನಾನು ಆಸ್ಪತ್ರೆಯ ಬೆಂಚಿನ ಮೇಲೆ ಚಿಕ್ಕಮ್ಮನ ಕೈ ಹಿಡಿದು ಕುಳಿತಿದ್ದೆ. ತಡವಾದವರಿಗೂ ದಾರಿಯಿದೆ ಎಂಬ ಆಶಯ ಹುಟ್ಟಿದ್ದು ಇಲಿಗಳ ಮೇಲಿನ ಪ್ರಯೋಗದಿಂದ. ನರವಿಜ್ಞಾನಿ ಕರೀಮ್ ನಾದರ್ ಮತ್ತು ಸಂಗಡಿಗರು 2000ದಲ್ಲಿ ತೋರಿಸಿದಂತೆ, ಗಟ್ಟಿಯಾದ ಭಯದ ನೆನಪನ್ನು ಮತ್ತೆ ಎಬ್ಬಿಸಿದಾಗ ಅದು ಸ್ವಲ್ಪ ಹೊತ್ತು ಮೆದುವಾಗಿ, ಆಮೇಲೆ ಮತ್ತೆ ಗಟ್ಟಿಯಾಗುತ್ತದೆ. ಮನುಷ್ಯರಲ್ಲಿ ಇದನ್ನು ಬಳಸಿಕೊಂಡ 2015ರ ಪ್ರಯೋಗದಲ್ಲಿ, ಭಯದ ಚಿತ್ರತುಣುಕುಗಳನ್ನು ನೋಡಿದ ಮರುದಿನ ಅದನ್ನು ನೆನಪಿಸಿ ನಂತರ ಟೆಟ್ರಿಸ್ ಆಡಿಸಿದಾಗ ದೃಶ್ಯಗಳು ಕಡಿಮೆಯಾದವು. ಬರಿ ನೆನಪಿಸಿದರೆ ಆಗಲಿಲ್ಲ, ಬರಿ ಆಡಿಸಿದರೂ ಆಗಲಿಲ್ಲ. ಜರ್ಮನಿಯ ಬೋಖುಮ್‌ನಲ್ಲಿ ವರ್ಷಗಳಷ್ಟು ಹಳೆಯ ಆಘಾತದಿಂದ ಪಿಟಿಎಸ್‌ಡಿ (ಆಘಾತದ ನಂತರ ಬಹುಕಾಲ ಕಾಡುವ ಮಾನಸಿಕ ತೊಂದರೆ) ಬಂದು ದಾಖಲಾಗಿದ್ದ 20 ರೋಗಿಗಳು ಒಂದು ನೆನಪನ್ನು ಕಾಗದದ ಮೇಲೆ ಬರೆದು, ಆ ಕಾಗದವನ್ನು ಹರಿದು, ನಂತರ 25 ನಿಮಿಷ ಟೆಟ್ರಿಸ್ ಆಡಿದರು. ಹಾಗೆ ಆರಿಸಿಕೊಂಡ ನೆನಪುಗಳು ಸರಾಸರಿ ಶೇಕಡಾ 64ರಷ್ಟು ಇಳಿದವು, ಆರಿಸಿಕೊಳ್ಳದ ನೆನಪುಗಳು 11ರಷ್ಟು ಮಾತ್ರ.

ನನಗೆ ಮಾಡಿಸಿದ್ದೂ ಹೆಚ್ಚುಕಡಿಮೆ ಇದೇ. ‘ಇಡೀ ಕಥೆ ಬೇಡ, ಆ ಚಿತ್ರಕ್ಕೊಂದು ಹೆಸರಿಡಿ ಸಾಕು’ ಎಂದರು ಸೈಕಾಲಜಿಸ್ಟ್. ‘ಹಳದಿ ಬಾಗಿಲು’ ಎಂದೆ. ಕೆಲವು ಕ್ಷಣ ಅದನ್ನು ಕಣ್ಣ ಮುಂದೆ ತಂದುಕೊಳ್ಳಲು ಹೇಳಿ, ಆಮೇಲೆ ಆಟ ಶುರು ಮಾಡಿಸಿದರು. ಆಡುವ ರೀತಿಗೆ ಅವರು ಕೊಟ್ಟ ಮಹತ್ವ ನನಗೆ ಅನಿರೀಕ್ಷಿತವಾಗಿತ್ತು. ಅಂಕ ಎಷ್ಟು ಬಂತೆಂದು ಒಮ್ಮೆಯೂ ಕೇಳಲಿಲ್ಲ. ಪರದೆಯ ಮೂಲೆಯಲ್ಲಿ ಮುಂದೆ ಬರಲಿರುವ ತುಂಡು ಕಾಣಿಸುತ್ತದಲ್ಲ, ಅದನ್ನು ಬೆರಳಿನಿಂದ ತಿರುಗಿಸುವ ಮುಂಚೆ ಮನಸ್ಸಿನಲ್ಲೇ ತಿರುಗಿಸಿ, ಎಲ್ಲಿ ಕೂರುತ್ತದೆಂದು ಮೊದಲೇ ನೋಡಿಕೊಳ್ಳಬೇಕು. ಎಡಕ್ಕೆ ಬಾಗಿದ ಮೆಟ್ಟಿಲಿನಂಥ ತುಂಡು ಬರುವುದಿದ್ದರೆ ಕೆಳಗಿನ ಗೋಡೆಯಲ್ಲಿ ಅದಕ್ಕೊಪ್ಪುವ ಹಲ್ಲು ಎಲ್ಲಿದೆ, ಇಲ್ಲದಿದ್ದರೆ ಈಗ ಇಳಿಯುತ್ತಿರುವ ಉದ್ದ ಕೋಲನ್ನು ಎಲ್ಲಿ ನಿಲ್ಲಿಸಿದರೆ ಅಂಥ ಹಲ್ಲು ಹುಟ್ಟುತ್ತದೆ ಎಂಬ ಲೆಕ್ಕ ನಡೆಯುತ್ತಲೇ ಇರಬೇಕು. ಕೈ ಪಳಗಿ ಹೆಬ್ಬೆರಳು ತಾನಾಗಿ ಆಡತೊಡಗಿದ ದಿನಗಳಲ್ಲಿ ಮನಸ್ಸಿಗೆ ಬಿಡುವು ಸಿಕ್ಕಿ, ಆಟದ ನಡುವೆಯೇ ಲಾರಿ ಬಂದು ನಿಲ್ಲುತ್ತಿತ್ತು. ಆಗ ವೇಗ ಹೆಚ್ಚಿಸುವ ಬದಲು ಮುಂದಿನ ತುಂಡಿನ ಮೇಲೆ ಕಣ್ಣಿಡುವುದೇ ಪರಿಹಾರವಾಗಿತ್ತು.

ಮನೆಯಲ್ಲಿ ಆಡಿ ಅಭ್ಯಾಸ ಮಾಡಿಕೊಳ್ಳಲೆಂದು ಫೋನಿಗೆ ಹಾಕಿಕೊಂಡ ಉಚಿತ ಆಟವೊಂದರಲ್ಲಿ ಎರಡು ಸುತ್ತುಗಳ ಮಧ್ಯೆ ಜಾಹೀರಾತು ಬರುತ್ತಿತ್ತು, ಅದೂ ಕಾರುಗಳು ಢಿಕ್ಕಿ ಹೊಡೆದು ಪಲ್ಟಿಯಾಗುವ ರೇಸ್ ಆಟದ್ದು. ಅಂದಿನಿಂದ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿಯೇ ಆಡುತ್ತೇನೆ. ಇದನ್ನು ಯಾವ ಸಂಶೋಧನಾ ಪ್ರಬಂಧವೂ ಹೇಳಿಕೊಡುವುದಿಲ್ಲವಾದ್ದರಿಂದ ಇಲ್ಲಿ ಬರೆದಿಟ್ಟಿದ್ದೇನೆ.

ಹಳದಿ ಬಾಗಿಲು ಬರುವುದು ವಿರಳವಾಯಿತು, ಬಂದಾಗಲೂ ಬಣ್ಣ ಕಳೆದುಕೊಂಡು ಬರತೊಡಗಿತು. ಆದರೆ ನನಗಿದ್ದದ್ದು ಅದೊಂದೇ ಚಿತ್ರವಲ್ಲ. ಡಾಂಬರಿನ ಮೇಲೆ ಬಿದ್ದಿದ್ದ ಚಿಕ್ಕಪ್ಪನ ಮಗನ ಒಂಟಿ ಬೂಟು ಮೊದಲಿನಷ್ಟೇ ಸಲ ಬರುತ್ತಿತ್ತು, ಅದಕ್ಕೆ ಬೇರೆಯಾಗಿ ಹೆಸರಿಟ್ಟು, ಬೇರೆಯಾಗಿ ಕೂತು ಆಡುವವರೆಗೂ. ಬೋಖುಮ್‌ನ 64 ಮತ್ತು 11ರ ಅಂತರವನ್ನು ಓದಿದಾಗ ನನ್ನದೇ ಡೈರಿಯ ಲೆಕ್ಕ ಓದಿದಂತಾಯಿತು. ಈ ನಡುವೆ ಕಣ್ಣು ಮುಚ್ಚಿದರೆ ಇಳಿಯುವ ಚೌಕಗಳು ಕಾಣುತ್ತಿದ್ದವೆಂಬುದು ನಿಜ. ಅದೇನೂ ಹೊಸತಲ್ಲ: ಹಾರ್ವರ್ಡ್‌ನ ರಾಬರ್ಟ್ ಸ್ಟಿಕ್‌ಗೋಲ್ಡ್ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೆದುಳಿನ ಹಾನಿಯಿಂದ ಆಟ ಆಡಿದ್ದೇ ನೆನಪಿಲ್ಲದ ರೋಗಿಗಳಿಗೂ ನಿದ್ದೆಗೆ ಜಾರುವಾಗ ಬೀಳುವ ತುಂಡುಗಳು ಕಂಡಿದ್ದವು. ಲಾರಿಯ ಬದಲು ಚೌಕಗಳು ಬಂದರೆ ನನ್ನದೇನೂ ತಕರಾರಿರಲಿಲ್ಲ.

ಮುಂದಿನ ಸೀಟಿನಲ್ಲಿ ಕೂರುವ ಭಯ ಮಾತ್ರ ಆಟದಿಂದ ಒಂದಿಷ್ಟೂ ಅಲುಗಲಿಲ್ಲ. ಅದು ಚಿತ್ರವಲ್ಲ, ತಪ್ಪಿಸಿಕೊಳ್ಳುವ ಅಭ್ಯಾಸ. ಅದಕ್ಕೆ ಮೊದಲು ನಿಂತ ಕಾರಿನಲ್ಲಿ, ಆಮೇಲೆ ಬೀದಿಯ ತುದಿಯವರೆಗೆ, ಹೀಗೆ ಹಂತಹಂತವಾಗಿ ಕೂರಿಸುವ ಚಿಕಿತ್ಸೆಯೇ ಬೇಕಾಯಿತು. ರಾತ್ರಿಯಿಡೀ ನಿದ್ದೆ ಬಾರದವರು, ನೆನಪು ಬಂದಾಗ ತಾವೆಲ್ಲಿದ್ದೇವೆಂಬ ಪರಿವೆ ತಪ್ಪುವವರು, ಬದುಕೇ ಬೇಡವೆನಿಸುತ್ತಿರುವವರು ಒಬ್ಬರೇ ಕುಳಿತು ಆ ಚಿತ್ರವನ್ನು ಎಬ್ಬಿಸುವ ಗೋಜಿಗೆ ಹೋಗಲೇಬಾರದು. ನೆನಪನ್ನು ಮೆದುವಾಗಿಸುವ ಹೆಜ್ಜೆಯೇ ಅದನ್ನು ಕೆರಳಿಸುವ ಹೆಜ್ಜೆಯೂ ಹೌದು. 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ, ನಿಮ್ಹಾನ್ಸ್ ಮಾರ್ಗದರ್ಶನದಲ್ಲಿ ನಡೆಯುವ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲುರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೇಳುವುದಿಲ್ಲ.

ಚಿಕ್ಕಪ್ಪನ ಮಗನಿಗೂ ಈ ಆಟ ಹೇಳಿಕೊಡು ಎಂದು ಚಿಕ್ಕಮ್ಮ ನನ್ನ ಬೆನ್ನು ಹತ್ತಿದ್ದರು. ಅವನು ಕೇಳಿ ನಕ್ಕುಬಿಟ್ಟ. ಗುದ್ದಿದ ಹೊತ್ತಿಗೇ ಪ್ರಜ್ಞೆ ತಪ್ಪಿದ್ದರಿಂದ ಅವನಿಗೆ ಲಾರಿಯ ಹಿಂಬದಿ ನೆನಪೇ ಇಲ್ಲ. ಅವನನ್ನು ಕಾಡುವುದು ತನ್ನಿಂದಲೇ ಆಯಿತೆಂಬ ಯೋಚನೆ, ‘ಇನ್ನೊಂದು ಸ್ವಲ್ಪ ಮೊದಲೇ ನಿಲ್ಲಿಸಿ ಟೀ ಕುಡಿದಿದ್ದರೆ’ ಎಂದು ಹೊರಟು ಎಲ್ಲೂ ಮುಗಿಯದ ಮಾತು. ಅವನೂ ಈಗ ಅದೇ ಸೈಕಾಲಜಿಸ್ಟ್ ಬಳಿ ಹೋಗುತ್ತಿದ್ದಾನೆ. ಅವನಿಗೆ ಅವರು ಆಟ ಕೊಟ್ಟಿಲ್ಲ. ಆ ಮಾತನ್ನೇ ಎದುರಿಗಿಟ್ಟುಕೊಂಡು ವಾದ ಮಾಡುವ ಬೇರೆ ಚಿಕಿತ್ಸೆ ನಡೆದಿದೆ, ಮತ್ತು ಅದಕ್ಕೆ ನನ್ನದಕ್ಕಿಂತ ಹೆಚ್ಚು ಕಾಲ ಹಿಡಿಯಬಹುದೆಂದು ಮೊದಲ ದಿನವೇ ಹೇಳಿದ್ದಾರೆ.